ಸುತ್ತುರಸ್ತೆಯಲ್ಲಿ ಹೊಸ ಉಬ್ಬು

ನಮ್ಮ ಊರಿನಲ್ಲಿ ಹಳೆಯ ಕಾರು ಕೊಳ್ಳಲು ಬಂದವರು ಇಂಜಿನ್ನನ್ನು ಆಮೇಲೆ ನೋಡುತ್ತಾರೆ. ಮೊದಲು ಬಾಗಿಲು ತೆಗೆದು, ಸೀಟಿನ ಮೇಲೆ ಒಮ್ಮೆ ಎದ್ದು ಕೂತು, ಕೆಳಗೆ ಕುಲುಕು ತಡೆಯಲು ಯಾವ ಶಾಕ್ ಹಾಕಿದ್ದೀರಿ ಎಂದು ಕೇಳುತ್ತಾರೆ. ಗಟ್ಟಿಯದೋ ಮೆತ್ತನೆಯದೋ ಎಂಬುದು ತಿಳಿದ ಮೇಲೆಯೇ ಉಳಿದ ಮಾತು. ಹೆಣ್ಣು ಕೊಡುವಾಗಲೂ ಅಷ್ಟೇ. ‘ಆ ಮನೆಯವರು ಮೆತ್ತನೆ ಶಾಕಿನವರು’ ಎಂದರೆ ಸತ್ತವರ ಗೊಡವೆಗೆ ಹೋಗದೆ ಉಂಡು ಮಲಗುವ ಜನ ಎಂದು ತಿಳಿಯಬೇಕು. ‘ಗಟ್ಟಿಯವರು’ ಎಂದರೆ ಆ ಮನೆಯಲ್ಲಿ ಅತ್ತೆಯ ಅತ್ತೆಯ ಮಾತೂ ಇನ್ನೂ ನಡೆಯುತ್ತದೆ ಎಂದು ಹುಡುಗಿಯ ತಾಯಿ ಹುಷಾರಾಗುತ್ತಾಳೆ.

ಕೆರೆಯನ್ನು ಬಳಸಿಕೊಂಡು ಹೋಗುವ ಡಾಂಬರು ರಸ್ತೆಗೆ ನಾವು ಸುತ್ತುರಸ್ತೆ ಎನ್ನುತ್ತೇವೆ. ಎಲ್ಲಿಗೆ ಹೋಗಬೇಕಾದರೂ ಅದರ ಮೇಲೆಯೇ ಹೋಗಬೇಕು. ನಮ್ಮವರು ಯಾರೇ ತೀರಿಕೊಳ್ಳಲಿ, ಮನೆಯಲ್ಲಿ ತೀರಲಿ ದೂರದ ಆಸ್ಪತ್ರೆಯಲ್ಲಿ ತೀರಲಿ, ಹೂಳಲಿ ಸುಡಲಿ, ಕಡೆಗೆ ಆ ರಸ್ತೆಯ ಯಾವುದೋ ಒಂದು ಕಡೆ ಉಬ್ಬಾಗಿ ಏಳುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ, ನಡೆದು ಹೋದರೆ ಕಾಲಿಗೂ ಸಿಗುವುದಿಲ್ಲ. ಗಾಲಿಗೆ ಮಾತ್ರ ಗೊತ್ತು. ಹೊರಗಿನಿಂದ ಬಂದ ಇಂಜಿನಿಯರರು ಒಮ್ಮೆ ಇಡೀ ರಸ್ತೆಗೆ ರೋಲರ್ ಹೊಡೆಸಿ, ಮೇಲೆ ನೀರು ಚೆಲ್ಲಿ, ನೋಡಿ ಹೇಗೆ ಸಪಾಟಾಗಿದೆ ಎಂದು ತೋರಿಸಿದರು. ಆಮೇಲೆ ಜೀಪು ಹತ್ತಿ, ಅದೇ ಸಪಾಟು ರಸ್ತೆಯ ಮೇಲೆ ತಲೆಯನ್ನು ಟಾಪಿಗೆ ಬಡಿಸಿಕೊಳ್ಳುತ್ತ ಹೋದರು.

ನಮ್ಮ ಯಜಮಾನರು ಸೊಸೈಟಿ ಗೋದಾಮಿನ ಎದುರಿಗಿದ್ದಾರೆ. ಬದುಕಿದ್ದಾಗ ಮಾತಿಗೆ ಮೊದಲು ಗಂಟಲು ಸರಿ ಮಾಡಿಕೊಳ್ಳುವುದು ಅವರ ರೂಢಿ. ಈಗಲೂ ಮೊದಲೊಂದು ಸಣ್ಣ ಕುಲುಕು, ಆಮೇಲೆ ದೊಡ್ಡದು. ಬಸ್ಸಿನ ಡ್ರೈವರು ಅಲ್ಲಿಗೆ ಬಂದಾಗ, “ಮಾಸ್ತರು ಬಂದ್ರು, ಹಿಡಕೊಳ್ರಿ” ಎಂದು ಗೇರು ಇಳಿಸುತ್ತಾನೆ. ದಾಟಿದಷ್ಟೂ ಉಬ್ಬು ಏಳುತ್ತದೆ, ದಾಟುವುದನ್ನು ಬಿಟ್ಟರೆ ಇಳಿಯುತ್ತದೆ. ಮಕ್ಕಳು ಮೊಮ್ಮಕ್ಕಳು ಇರುವವರು ಎತ್ತರವಾಗಿ ಇರುತ್ತಾರೆ. ಯಾರೂ ಇಲ್ಲದವರು ಕೆಲವು ಮಳೆಗಾಲ ಕಳೆಯುವುದರೊಳಗೆ ರಸ್ತೆಗೆ ಸಮ ಆಗುತ್ತಾರೆ.

ನನ್ನ ತಮ್ಮ ಸೋಮಲಿಂಗ ಬೋರ್‌ವೆಲ್ ಲಾರಿಯ ಮೇಲೆ ಕೆಲಸಕ್ಕೆ ಹೋಗುತ್ತಿದ್ದ. ಆ ವರ್ಷ ಬೇಸಿಗೆಯಲ್ಲಿ ಹೋದವನು ಮಳೆಗಾಲ ಮುಗಿದರೂ ಬರಲಿಲ್ಲ. ಫೋನು ಸತ್ತುಹೋಗಿತ್ತು. ಲಾರಿಯವರನ್ನು ವಿಚಾರಿಸಿದರೆ, ಮೈ ಸರಿಯಿಲ್ಲ ಎಂದು ನಡುದಾರಿಯಲ್ಲಿ ಇಳಿದನಲ್ಲ, ಮನೆಗೆ ಬಂದಿಲ್ಲವೇ ಎಂದು ನಮ್ಮನ್ನೇ ಕೇಳಿದರು. ಅವನ ಹೆಂಡತಿ ನೀಲಾಂಬಿಕೆ. ಯಜಮಾನರು ಹೋದ ಮೇಲೆ ನಾನು ಅವರಿಬ್ಬರ ಜೊತೆಯಲ್ಲೇ ಇದ್ದೆ. ನೀಲಾ ಖಡಕ್ ರೊಟ್ಟಿ ಮಾಡಿ, ಸೋಮುವಿನ ಹಳೆಯ ನೀಲಿ ಕಾರಿನಲ್ಲಿ ಹೇರಿಕೊಂಡು ಊರಿನ ಖಾನಾವಳಿಗಳಿಗೆಲ್ಲ ಹಾಕಿ ಬರುತ್ತಿದ್ದಳು. ಹೋದಲ್ಲೆಲ್ಲ ಜನ ಅವಳನ್ನು ಒಂದೇ ಮಾತು ಕೇಳುತ್ತಿದ್ದರು: “ರಸ್ತೆ ಏನಂತೈತಿ?”

ರಸ್ತೆ ಏನನ್ನುತ್ತದೆ ಎಂದು ಆ ಕಾರಿಗೆ ತಿಳಿಯುವಂತಿರಲಿಲ್ಲ. ಅದರ ಶಾಕುಗಳು ಎಣ್ಣೆ ಸೋರಿ ದಿಂಬಿನ ಹಾಗೆ ಆಗಿದ್ದವು. ನಮ್ಮ ಯಜಮಾನರೇ ಅದರಲ್ಲಿ ಗೊತ್ತಾಗುತ್ತಿರಲಿಲ್ಲ ಎಂದ ಮೇಲೆ, ಹೊಸದಾಗಿ ಎದ್ದವರು ಎಲ್ಲಿ ತಿಳಿಯಬೇಕು? ಹೊಸ ಉಬ್ಬು ಮೊದಲಿಗೆ ಉಗುರಿನಷ್ಟು ತೆಳ್ಳಗೆ ಇರುತ್ತದೆ. ಗಂಡ ಇದ್ದಾನೋ ಇಲ್ಲವೋ ಎಂಬುದು ತನ್ನ ಸೀಟಿನ ಕೆಳಗೇ ಇದ್ದು ತನಗೆ ತಿಳಿಯದೆ ಹೋಗುತ್ತಿದೆಯೋ ಏನೋ ಎಂಬುದು ನೀಲಾಳನ್ನು ಒಳಗೊಳಗೇ ತಿನ್ನತೊಡಗಿತು. ಒಂದು ದಿನ ರೊಟ್ಟಿ ಹಾಕಿ ಮುಗಿಸಿದವಳೇ ನನ್ನನ್ನು ಕೂರಿಸಿಕೊಂಡು ಬುಡನ್ ಸಾಹೇಬರ ಅಂಗಡಿಗೆ ಕಾರು ತಿರುಗಿಸಿದಳು.

ಬುಡನ್ ಸಾಹೇಬರು ಶಾಕು ಸ್ಪ್ರಿಂಗುಗಳ ಕೆಲಸದಲ್ಲೇ ಗಡ್ಡ ಬೆಳ್ಳಗೆ ಮಾಡಿಕೊಂಡವರು. ಅವರ ಅಂಗಡಿಯಲ್ಲಿ ಯಾವ ಗಾಡಿಗೆ ಎಂದು ಕೇಳುವ ಪದ್ಧತಿ ಇಲ್ಲ.

“ಬರ್ರಿ ಅಕ್ಕಾರ. ಬಾ ನೀಲವ್ವ. ಯಾರ ಸಲುವಾಗಿ?” ಎಂದರು.

“ಯಾರ ಸಲುವಾಗಿನೂ ಅಲ್ಲ, ಅದಾರೋ ಇಲ್ಲೋ ಅಂತ ನೋಡಾಕ” ಎಂದಳು ನೀಲಾ.

ಅವರಿಗೆ ತಿಳಿಯಿತು. ಗಲ್ಲೆಯ ಮೇಲಿನ ನಟ್ಟು ಬೋಲ್ಟುಗಳನ್ನು ಸರಿಸಿ, ಕಪಾಟಿನಿಂದ ಮೂರು ಬಗೆಯದನ್ನು ತಂದು ಸಾಲಾಗಿ ಮಲಗಿಸಿದರು. “ಇದು ಎಣ್ಣಿ ಶಾಕು. ಹಳೇ ನಮೂನಿ, ಮೆತ್ತಗ. ಇದನ್ನ ಹಾಕ್ಕೊಂಡ್ರ ಹೆತ್ತವ್ವನ್ನ ದಾಟೋ ಮುಂದನೂ ಬಾಳೆಹಣ್ಣು ತಿನ್ಕೋತ ಹೋಗಬಹುದು. ಇದು ಗ್ಯಾಸಿಂದು, ನಡುವಿಂದು. ದೊಡ್ಡವರು ಗೊತ್ತಾಗ್ತಾರ, ಸಣ್ಣವರು ಗೊತ್ತಾಗಂಗಿಲ್ಲ. ಇನ್ನ ಇದು ಕಾಯಿಲೋವರ್. ಸ್ಪ್ರಿಂಗು ಶಾಕು ಎರಡೂ ಒಂದ ಮೈ. ಈ ಉಕ್ಕಿನ ಬಳಿ ತಿರುವಿದ್ರ ಗಾಡಿ ಏಳತೈತಿ, ಕೂಡತೈತಿ. ಮ್ಯಾಲಿನ ಗುಂಡಿ ತಿರುವಿದ್ರ ಗಟ್ಟಿ ಆಗತೈತಿ.”

ಆ ಮೂರನೆಯದನ್ನು ನೀಲಾ ಕೈಯಲ್ಲಿ ಹಿಡಿದು ತೂಗಿದಳು. ಕೆಂಪು ಬಳಿದ ಸ್ಪ್ರಿಂಗು, ಅದರ ನಡುವೆ ಹೊಳೆಯುವ ಉಕ್ಕಿನ ಕೊಳವೆ.

“ಬರೇ ಗಟ್ಟಿ ಸ್ಪ್ರಿಂಗ್ ಹಾಕಿ, ಹಳೇ ಶಾಕ್ ಬಿಟ್ಟರ ನಡೆಯಂಗಿಲ್ಲೇನು?”

“ಕುಣೀತೈತಿ. ಭಾರ ಹೊರೋದು ಸ್ಪ್ರಿಂಗು. ಕುಣಿಯೋದನ್ನ ಹಿಡದು ಕುಂದರ್ಸೋದು ಶಾಕು. ಶಾಕ್ ಸೋತಿತ್ತಂದ್ರ ಒಬ್ಬರನ್ನ ದಾಟಿದ ಕುಣಿತ ಇನ್ನೊಬ್ಬರ ತನಕ ಇರ್ತೈತಿ, ಯಾರು ಯಾರಂತ ತಿಳಿಯಂಗಿಲ್ಲ. ಮೊನ್ನೆ ಹಂಗ ಮಾಡಿ ಒಬ್ಬಾವ ಹೆಂಡ್ತಿ ಅಪ್ಪನ್ನ ತನ್ನಪ್ಪ ಅಂತ ತಿಳ್ಕೊಂಡು ಊದುಬತ್ತಿ ಹಚ್ಚಿ ಅತ್ತು ಬಂದಾನ. ಮನ್ಯಾಗ ಹೆಂಡ್ತಿ ಭಾಳ ಖುಷಿ.”

ನಾನು ನಗಲಿಲ್ಲ. “ಸಾಹೇಬ್ರ, ನಡುವಿಂದು ಹಾಕ್ರಿ. ರೊಟ್ಟಿ ಒಡೀತಾವ” ಎಂದೆ. ರೊಟ್ಟಿಯ ಚಿಂತೆ ನನಗೆ ಅಷ್ಟಾಗಿ ಇರಲಿಲ್ಲ. ತಿಳಿಯದೆ ಇರುವಷ್ಟು ದಿನ ತಮ್ಮ ಎಲ್ಲೋ ಒಂದು ಕಡೆ ಇರುತ್ತಾನೆ ಎಂಬುದು ನನ್ನ ಲೆಕ್ಕ.

ನೀಲಾ ನನ್ನ ಕಡೆ ತಿರುಗಿದಳು. “ಅಕ್ಕಾ, ನಿಮಗ ಕಾಯಾಕ ಬರ್ತೈತಿ. ನನಗ ಬರಂಗಿಲ್ಲ. ಹಣಿಮ್ಯಾಲೆ ಕುಂಕುಮ ಹಚ್ಚೋ ಮುಂದ ದಿನಾ ಕೈ ತಡೀತೈತಿ. ಹೌದಂದ್ರ ಹೌದು, ಅಲ್ಲಂದ್ರ ಅಲ್ಲ.”

ಬುಡನ್ ಸಾಹೇಬರು ಜ್ಯಾಕ್ ಎಳೆದುಕೊಂಡು ಕಾರಿನ ಕೆಳಗೆ ಸರಿದರು. ಹಾಕಿ ಮುಗಿದ ಮೇಲೆ ಎದ್ದು ಕೈ ಒರೆಸಿಕೊಳ್ಳುತ್ತ, “ನೀಲವ್ವಾ, ಗಟ್ಟಿ ಗಾಡಿ ಸುಳ್ಳು ಹೇಳಂಗಿಲ್ಲ. ಆದರ ಸಣ್ಣದನ್ನ ದೊಡ್ಡದು ಮಾಡಿ ಹೇಳತೈತಿ. ಒಂದು ಹರಳು ಸಿಕ್ಕರೂ ಯಾರೋ ಅನಸ್ತೈತಿ. ಸಿಕ್ಕಲ್ಲೆ ತಿರುತಿರುಗಿ ದಾಟಬ್ಯಾಡ. ಇಲ್ಲದ್ದು ಎದ್ದೀತು” ಎಂದರು. ನೀಲಾ ತಲೆ ಆಡಿಸಿದಳು. ಕೇಳಿಸಿಕೊಂಡಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆ ಮಧ್ಯಾಹ್ನ ಸುತ್ತುರಸ್ತೆಗೆ ಇಳಿದಾಗ ಊರಿಗೆ ಊರೇ ನಮ್ಮ ಕೆಳಗೆ ಎದ್ದು ಕೂತ ಹಾಗಾಯಿತು. ಸೂಲಗಿತ್ತಿ ಮಲ್ಲವ್ವ, ಗಿರಣಿಯ ಅಣ್ಣತಮ್ಮಂದಿರು ಒಬ್ಬರ ಬೆನ್ನಿಗೆ ಒಬ್ಬರು, ಹುಟ್ಟಿದ ದಿನವೇ ಹೋದ ಕೂಸುಗಳು ಎಳ್ಳು ಚೆಲ್ಲಿದ ಹಾಗೆ. ಯಜಮಾನರು ಗಂಟಲು ಸರಿಮಾಡಿಕೊಂಡದ್ದು ಬೆನ್ನುಹುರಿಯಲ್ಲೇ ಕೇಳಿತು. ಬಿಸಿಲು ಹೊಡೆಯುತ್ತಿದ್ದ ರಸ್ತೆ ಉದ್ದಕ್ಕೂ ನುಣ್ಣಗೆ, ಕರ್ರಗೆ, ಬರಿದಾಗಿ ಕಾಣುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಹಾಗೆ ಕುಲುಕಿಸಿಕೊಂಡು ಹೋಗುವುದು ನನಗೇ ಹೆದರಿಕೆ ತಂದಿತು. ಹುಟ್ಟಿ ಬೆಳೆದ ಊರು, ಆದರೂ.

ಪಂಪುಮನೆಯ ತಿರುವಿನಲ್ಲಿ ‘ಟಕ್’ ಎಂದಿತು. ಸೀಟಿನ ಅಡಿಯಲ್ಲಿ ಯಾರೋ ಉಗುರಿನಿಂದ ಮುಟ್ಟಿದಷ್ಟು.

ನೀಲಾ ಕಾರು ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ದಾಟಿದಳು. ಮತ್ತೆ ಟಕ್.

“ಇಲ್ಲೆ ಯಾರೂ ಇರಲಿಲ್ಲ” ಎಂದಳು.

“ಹರಳಿರಬೇಕು.”

ಅವಳು ಇಳಿದು ಹೋಗಿ ಸೆರಗಿನ ತುದಿಯಿಂದ ರಸ್ತೆ ಗುಡಿಸಿದಳು. ಮೊಣಕಾಲೂರಿ ಅಂಗೈಯನ್ನು ಬಿಸಿ ಡಾಂಬರಿನ ಮೇಲೆ ಆಡಿಸಿದಳು. ಏನೂ ಇರಲಿಲ್ಲ. ತಿರುಗಿ ಬಂದು ದಾಟಿದಾಗ ಮತ್ತೆ ಅದೇ. “ಅವರು ಬಾಗಲಾ ಬಡೀತಿರಲಿಲ್ಲ ಅಕ್ಕಾ. ಉಗುರಿಂದ ಗೀರ್ತಿದ್ರು. ಹಿಂಗ” ಎಂದು ಸ್ಟಿಯರಿಂಗಿನ ಮೇಲೆ ಗೀರಿ ತೋರಿಸಿದಳು. ನನ್ನ ತಮ್ಮ ಬಾಗಿಲನ್ನು ಗೀರುತ್ತಿದ್ದುದು ನಿಜ.

ಅಂದಿನಿಂದ ಅವಳು ರೊಟ್ಟಿ ಹಾಕಲು ಹೋಗುವಾಗೊಮ್ಮೆ ಬರುವಾಗೊಮ್ಮೆ ಪಂಪುಮನೆಯ ತಿರುವಿನಲ್ಲಿ ಹಿಂದೆ ಮುಂದೆ ಆಡತೊಡಗಿದಳು. ಬೇಡ ಎಂದರೆ, ಇನ್ನೂ ಪಕ್ಕಾ ಆಗಿಲ್ಲ ಎನ್ನುತ್ತಿದ್ದಳು. ಪಕ್ಕಾ ಆಗುತ್ತ ಬಂತು. ಉಗುರಿನಷ್ಟಿದ್ದದ್ದು ಬೆರಳಿನಷ್ಟಾಯಿತು, ಆಮೇಲೆ ಮುಂಗೈಯಷ್ಟು. ಗಟ್ಟಿ ಸ್ಪ್ರಿಂಗಿನ ಮೇಲೆ ರೊಟ್ಟಿಗಳು ಬುಟ್ಟಿಯಲ್ಲೇ ಚೂರಾದವು. ಖಾನಾವಳಿಯ ವೀರಪ್ಪ ಬುಟ್ಟಿಯೊಳಗೆ ಇಣುಕಿ ನೋಡಿ, ಒಡೆದ ರೊಟ್ಟಿಯನ್ನು ಮರುಮಾತಿಲ್ಲದೆ ಇಳಿಸಿಕೊಂಡು, “ಸೋಮಣ್ಣ ಸಿಕ್ಕ ಅನ್ನು” ಎಂದ. ಅವಳು ಹೌದೆಂದಳು.

ಒಬ್ಬರ ಬಾಯಿಗೆ ಬಿದ್ದ ಮೇಲೆ ಊರಿಗೆ ಬಿದ್ದಂತೆಯೇ. ನಮ್ಮಲ್ಲಿ ಯಾರಾದರೂ ಎದ್ದರು ಎಂದು ಗೊತ್ತಾದರೆ ಮನೆಮನೆಯವರೂ ಗಾಡಿ ಹೊರಡಿಸಿಕೊಂಡು ಹೋಗಿ ಅವರನ್ನು ಒಮ್ಮೆ ನಿಧಾನವಾಗಿ ದಾಟಿ ಬರುವುದು ಕ್ರಮ, ಮಾತಾಡಿಸಿ ಬಂದ ಹಾಗೆ. ಟ್ರ್ಯಾಕ್ಟರುಗಳು ಹೋದವು, ಆಟೋಗಳು ಹೋದವು. ಬಸ್ಸಿನವನು ಪಂಪುಮನೆ ಬಂದಾಗ, “ಸೋಮಣ್ಣ, ಹಿಡಕೊಳ್ರಿ” ಎನ್ನತೊಡಗಿದ. ಮನೆಯಲ್ಲಿ ನಾವು ಅವನ ಹೆಸರಿನಲ್ಲಿ ಹೋಳಿಗೆ ಮಾಡಿ ಊರಿಗೆ ಉಣ್ಣಿಸಿದೆವು. ನೀಲಾ ಕುಂಕುಮದ ಬಟ್ಟಲನ್ನು ಗೋಡೆಯ ಮಾಡಿನ ಒಳಮೂಲೆಗೆ ಸರಿಸಿದಳು. ಅಳಲಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದಳು. ಆ ನಿದ್ದೆ ನೋಡಿ ನಾನೂ ಒಪ್ಪಿಕೊಂಡೆ.

ಹೀಗಿರುವಾಗ ಒಂದು ದಿನ ನಡುಮಧ್ಯಾಹ್ನ, ನಾನು ಪಡಸಾಲೆಯಲ್ಲಿ ಬಟ್ಟೆ ಹಾಸಿ ರೊಟ್ಟಿ ಆರಹಾಕುತ್ತಿದ್ದಾಗ, ಬಾಗಿಲು ಗೀರಿದ ಸದ್ದಾಯಿತು. ಸೋಮು ಒಳಗೆ ಬಂದ. ಕೆನ್ನೆ ಒಳಹೋಗಿತ್ತು, ಗಡ್ಡ ಬೆಳೆದಿತ್ತು. ಆದರೆ ಸೋಮುವೇ. “ಅಕ್ಕಾ, ಹಸಿವಿ” ಎಂದ.

ಅವನು ಹೇಳಿದ್ದು ಇಷ್ಟು: ಜ್ವರ ಏರಿ, ಯಾವುದೋ ಊರ ಹೊರಗಿನ ಹಾಳುಗುಡಿಯಲ್ಲಿ ಬಿದ್ದುಬಿಟ್ಟಿದ್ದ. ಎಷ್ಟು ದಿನವೋ ತಿಳಿಯದು. “ಏಳಾಕ ಆಗ್ತಿರಲಿಲ್ಲಕ್ಕಾ. ಆಮ್ಯಾಲೆ ಯಾರೋ ಮ್ಯಾಲಿಂದ ಮ್ಯಾಲೆ ಬೆನ್ನಾಗ ಬಡದು ಬಡದು ಎಬ್ಬಿಸಿದಂಗ ಆತು. ದಿನಾ ಬಡಿಯೋರು. ಒಂದಿನ ಎದ್ದು ಕುಂತೆ. ಮೈ ಭಾಳ ಹಗರ ಆಗಿತ್ತು. ನಡಕೊಂತ ಬಂದೆ.”

ನೀಲಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. ಮಾಡಿನ ಹತ್ತಿರ ಹೋಗಿ ಕುಂಕುಮ ಹಚ್ಚಿಕೊಂಡು ಬಂದು ಅವನಿಗೆ ತಾಟು ಇಟ್ಟಳು. ಅವನು ಅವಳ ಹತ್ತಿರ ಹೋಗಬೇಕಾದರೆ ನಾನು ಹಾಸಿದ ರೊಟ್ಟಿಗಳ ಮೇಲೆಯೇ ನಡೆದುಹೋದ. ನೋಡಲಿಲ್ಲ, ಪಾಪ, ಹಸಿದಿದ್ದ. ಖಡಕ್ ರೊಟ್ಟಿ, ಬೆರಳು ತಾಗಿದರೆ ಮುರಿಯುವಂಥದು. ಅವನು ದಾಟಿ ಹೋದ ಮೇಲೆ ನಾನು ಒಂದೊಂದಾಗಿ ಎತ್ತಿ ನೋಡಿದೆ. ಒಂದೂ ಬಿರುಕು ಬಿಟ್ಟಿರಲಿಲ್ಲ. ಅವನ್ನೆಲ್ಲ ಬುಟ್ಟಿಗೆ ಹಾಕಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಊರವರು ಬಂದು ನೋಡಿಹೋದರು. ಪಕ್ಕದ ಮನೆಯ ಗೌರವ್ವ, “ನಿನ್ನ ಹೆಸರಿನ ಊಟ ಉಂಡು ಕುಂತೇವಲ್ಲೋ ಸೋಮ್ಯಾ. ಹೋಳಿಗಿ ಚಲೋ ಆಗಿದ್ದವು” ಎಂದಳು. “ಉಪ್ಪು ಕಡಿಮಿ ಆಗಿದ್ರ ಹೇಳು, ಇನ್ನೊಮ್ಮೆ ಮಾಡಸ್ತೀನಿ” ಎಂದ ಅವನು. ಎಲ್ಲರೂ ನಕ್ಕರು. ಆದರೆ ಒಬ್ಬರೂ ಅವನ ಹೆಗಲ ಮೇಲೆ ಕೈ ಇಡಲಿಲ್ಲ. ಪಂಪುಮನೆಯ ತಿರುವಿನ ಮಾತನ್ನು ಯಾರೂ ಎತ್ತದೆ, ಬಾಗಿಲಲ್ಲೇ ನಿಂತು ನಕ್ಕು ಹೋದರು.

ಮರುದಿನ ಅವನು ಕಾರಿನಲ್ಲಿ ನೀಲಾಳ ಪಕ್ಕ ಕೂತ. ನಾನು ಹಿಂದೆ. ಪಂಪುಮನೆಯ ತಿರುವು ಬರುವಾಗ ನೀಲಾ ಬಲಕ್ಕೆ ಸರಿದು ತಪ್ಪಿಸಲು ನೋಡಿದಳು. ಎದುರಿಗೆ ಬಸ್ಸು ಬಂತು. ಆಗಲಿಲ್ಲ. ಕಾರು ಎದ್ದು ಬಿದ್ದಿತು.

“ಇದ್ಯಾರದು?” ಎಂದ ಸೋಮು. “ಹೊಸದಲ್ಲ? ನಾ ಹೋಗೋ ಮುಂದ ಇರಲಿಲ್ಲ.”

ನೀಲಾ ಗೇರು ಬದಲಿಸಿದಳು. ನಾನು, “ಯಾರೋ, ನಮಗ ಗೊತ್ತಿಲ್ಲ” ಎಂದೆ.

“ಮಂದಿಗೆ ಬೇಕಾದ ಮನಷ್ಯಾ ಇರಬೇಕು. ಎಷ್ಟು ಎದ್ದಾನ ನೋಡು” ಎಂದು ಅವನು ತಿರುಗಿ ಹಿಂದಿನ ಗಾಜಿನಿಂದ ಬರಿದಾದ ರಸ್ತೆಯನ್ನು ನೋಡಿದ.

ನೀಲಾ ರೊಟ್ಟಿ ಇಳಿಸಿದ ಮೇಲೆ ಮನೆಗೆ ಹೋಗದೆ ನೇರ ಬುಡನ್ ಸಾಹೇಬರ ಅಂಗಡಿಗೆ ಹೋದಳು. “ಇವನ್ನ ತಗದು ಎಣ್ಣಿ ಶಾಕ್ ಹಾಕ್ರಿ. ಎಲ್ಲಾಕಿಂತ ಮೆತ್ತಗಿಂದು. ನನಗ ಯಾರೂ ತಿಳಿಯೋದು ಬ್ಯಾಡ” ಎಂದಳು.

ಸಾಹೇಬರು ಸೋಮುವನ್ನು ಕಂಡು ಸಲಾಂ ಮಾಡಿದರು. “ಹಾಕೋಣ. ಕುಂದರ್ರಿ ಇಬ್ರೂ ಮುಂದ. ಹೊರೋದು ಎಷ್ಟು ಅಂತ ಮೊದಲ ನೋಡತೀನಿ” ಎಂದು, ಟೈರಿಗೂ ಮೇಲಿನ ತಗಡಿಗೂ ನಡುವಿನ ಸಂದಿಯಲ್ಲಿ ಬೆರಳು ಅಡ್ಡ ಇಟ್ಟು ಅಳೆಯತೊಡಗಿದರು. ನೀಲಾ ಕೂತಾಗ ಅವಳ ಕಡೆಯ ಸ್ಪ್ರಿಂಗು ಕುಗ್ಗಿ ಸಂದಿ ಕಿರಿದಾಯಿತು. ಆ ಕಡೆ ಹೋಗಿ ಸೋಮುವಿನ ಪಕ್ಕದ ಸಂದಿಯಲ್ಲಿ ಬೆರಳಿಟ್ಟರು. ಇಟ್ಟೇ ಇದ್ದರು.

“ಸೋಮಣ್ಣ, ಕುಂತೀಯಾ?”

“ಕುಂತೀನಲ್ಲ.”

“ಒಮ್ಮೆ ಇಳಿದು ಕುಂದ್ರು.”

ಅವನು ಇಳಿದ. ಕೂತ. ಕಾರು ಅಲುಗಲಿಲ್ಲ. ಕೂತಾಗಲೂ ಅಷ್ಟೇ ಸಂದಿ, ಇಳಿದಾಗಲೂ ಅಷ್ಟೇ. ನನ್ನ ತಮ್ಮನಿಗೆ ಭಾರ ಇರಲಿಲ್ಲ. ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು, “ಸೋಮಣ್ಣ, ಎದುರಿನ ಅಂಗಡ್ಯಾಗ ನಾಕು ಚಾ ಹೇಳಿ ಬಾರಪ್ಪ” ಎಂದು ಕಳಿಸಿದರು. ಅವನು ಬಿಸಿಲಿನಲ್ಲಿ ರಸ್ತೆ ದಾಟಿ ಹೋದ. ನೆರಳು ಇತ್ತು. ಅದನ್ನು ನಾನು ನೋಡಿಕೊಂಡೆ.

ನೀಲಾ ಸ್ಟಿಯರಿಂಗ್ ಬಿಟ್ಟಿರಲಿಲ್ಲ. “ನಾನ ಎಬ್ಬಿಸಿದೆನೇನ್ರಿ?” ಎಂದಳು.

“ಅದನ್ನ ಹ್ಯಾಂಗ ಹೇಳ್ಲಿ? ಅಲ್ಲೆ ಗುಡ್ಯಾಗ ಮುಗಿದಿದ್ದವನ್ನ ನೀ ಎಬ್ಬಿಸಿ ಕರಕೊಂಡು ಬಂದೀಯೋ, ಜೀವಂತ ಇದ್ದವನ್ನ ರಸ್ತೆಗೆ ಹಾಕೀಯೋ, ಎರಡಕ್ಕೂ ಗಾಡಿ ಇಷ್ಟ ಹೇಳತೈತಿ.” ಸಾಹೇಬರು ಬಾನೆಟ್ಟಿಗೆ ಒರಗಿ ನಿಂತರು. “ನೀ ಅದನ್ನ ದಾಟೋದು ಬಿಟ್ಟು, ಮಂದಿಗೂ ಬ್ಯಾಡ ಅಂದ್ರ, ಅದು ಇಳೀತೈತಿ. ಅದು ಇಳಿದ್ರ ಇವನಿಗೆ ಭಾರ ಬರ್ತೈತೋ, ಇವನೂ ಕೂಡೇ ಇಳೀತಾನೋ, ನನಗ ತಿಳಿಯಂಗಿಲ್ಲ. ನಾ ಶಾಕ್ ಹಾಕಾವ. ಈಗ ಒಬ್ಬರಿಗೆ ಹೊಂದಸ್ಲೋ, ಇಬ್ಬರಿಗೆ ಹೊಂದಸ್ಲೋ, ಅಷ್ಟು ಹೇಳು. ಒಬ್ಬರಿಗೆ ಅಂದ್ರ ಗಾಡಿ ನೆಟ್ಟಗ ಇರ್ತೈತಿ. ಇಬ್ಬರಿಗೆ ಅಂದ್ರ ಆ ಕಡಿ ಎದ್ದು ನಿಲ್ತೈತಿ, ಹೊರಾಕ ಏನೂ ಇಲ್ಲಲ್ಲ. ಟೈರು ಸವೀತಾವ. ನೋಡಿದವರಿಗೆ ತಿಳೀತೈತಿ.”

ನಾನು ಬಾಯಿ ತೆರೆದೆ. ಕಾಯೋಣ, ದಾಟದೆ ಇದ್ದು ನೋಡೋಣ, ಭಾರ ಬಂದರೂ ಬರಬಹುದು ಎಂದು ಹೇಳಬೇಕೆಂದಿದ್ದೆ. ನಮ್ಮ ಅಪ್ಪ ಅವ್ವ ನನ್ನ ಕೈಗೆ ಕೊಟ್ಟುಹೋದ ಹುಡುಗ ಅವನು. ಆದರೆ ಬರದೆ ಹೋದರೆ ಎಂಬುದೂ ಅದೇ ಉಸಿರಿನಲ್ಲಿ ಬಂತು. ಬಾಯಿ ಮುಚ್ಚಿದೆ.

ಎದುರಿನ ಅಂಗಡಿಯಲ್ಲಿ ಸೋಮು ಚಹಾದವನ ಜೊತೆ ಏನೋ ಹೇಳಿ ನಗುತ್ತಿದ್ದ. ನೀಲಾ ಗಾಜಿನ ಮೂಲಕ ಅವನನ್ನೇ ನೋಡುತ್ತಿದ್ದಳು. ಒಂದು ದಿನ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದವಳು.

“ಇವನ್ನ ತಗೀಬ್ಯಾಡ್ರಿ ಸಾಹೇಬ್ರ. ಗಟ್ಟಿಯವು ಹಂಗ ಇರ್ಲಿ” ಎಂದಳು. “ಇಬ್ಬರಿಗೆ ಹೊಂದಸ್ರಿ.”

“ತಿಳಕೊಂಡು ಹೇಳ್ತೀಯೇನವ್ವ? ಇವ ಹಿಂಗ ಇರಬೇಕಂದ್ರ ದಿನಾ ಅದನ್ನ ದಾಟಬೇಕಾಗತೈತಿ. ಒಂದಿನಾನೂ ಬಿಡಾಕ ಬರಂಗಿಲ್ಲ.”

“ರೊಟ್ಟಿ ಹಾಕಾಕ ದಿನಾ ಹೋಗಾಕಿನ ಅದೀನಿ.”

ಸಾಹೇಬರು ಸ್ಪ್ಯಾನರ್ ಹಿಡಿದು ಎಡಗಡೆಯ ಬಳೆಯನ್ನು ಒಂದು ಗಂಡಸಿನ ಭಾರಕ್ಕೆ ತಕ್ಕಷ್ಟು ತಿರುವಿದರು. ಕಾರು ಒಂದು ಮಗ್ಗುಲು ಎತ್ತಿಕೊಂಡು, ಇನ್ನೊಂದು ಕಡೆಗೆ ವಾಲಿ ನಿಂತಿತು. ಸೋಮು ಚಹಾ ತಂದ. ನಾಲ್ವರೂ ಕುಡಿದೆವು.

ಹೊರಟಾಗ ನಾನು ಹಿಂದಿನ ಸೀಟಿನಲ್ಲಿ ನೀಲಾಳ ಕಡೆಗೆ ಜಾರಿ ಕೂತೆ. ಅಂಗಡಿಗಳವರು ಕಾರು ವಾಲಿದ್ದನ್ನು ನೋಡಿ ಕೆಲಸ ನಿಲ್ಲಿಸಿದರು. ಕೆಲವರು ಮುಖ ಆ ಕಡೆ ತಿರುಗಿಸಿದರು. ಸೋಮುವಿಗೆ ಇದಾವುದೂ ಗೊತ್ತಾಗಲಿಲ್ಲ. ಎತ್ತರದ ಮಗ್ಗುಲಲ್ಲಿ ಅಟ್ಟದ ಮೇಲೆ ಕೂತವನ ಹಾಗೆ ಕೂತು ಹೊರಗೆ ನೋಡುತ್ತಿದ್ದ.

“ನೀಲಾ, ಇಲ್ಲಿಂದ ಏರಿ ಆಚಿ ಕೆರಿ ನೀರು ಕಾಣತಾವ” ಎಂದ. “ಇಷ್ಟು ದಿನಾ ಕಾಣ್ತಿರಲಿಲ್ಲ.”

“ಏನೇನು ಕಾಣತೈತಿ ಹೇಳ್ಕೋತ ಇರ್ರಿ” ಎಂದಳು ನೀಲಾ. “ನಿಲ್ಲಸಬ್ಯಾಡ್ರಿ.”

ಅವನು ಹೇಳುತ್ತ ಹೋದ: ನೀರು ಇಳಿದು ಬಿಟ್ಟ ಕೆಸರು, ಅದರ ನಡುವೆ ನಿಂತ ಬೆಳ್ಳಕ್ಕಿ, ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು. ಅವಳು ಒಮ್ಮೆಯೂ ಅವನ ಕಡೆ ತಿರುಗಲಿಲ್ಲ. ಪಂಪುಮನೆಯ ತಿರುವು ಕಂಡಾಗ ಅವಳ ಕೈ ಗೇರಿಗೆ ಹೋಯಿತು. ಎದುರಿಗೆ ಯಾವ ಗಾಡಿಯೂ ಇರಲಿಲ್ಲ, ಬೇಕೆಂದರೆ ತಪ್ಪಿಸಿ ಹೋಗುವಷ್ಟು ರಸ್ತೆ ಖಾಲಿ ಇತ್ತು. ನೀಲಾ ವೇಗ ಇಳಿಸಿ, ಗಾಲಿಯನ್ನು ಉಬ್ಬಿಗೆ ನೇರ ಮಾಡಿಕೊಂಡಳು.